ಜುಲೈ 4ಕ್ಕೆ ಬೀದಿಯವರೆಲ್ಲ ಸೇರಿ ಹಬ್ಬ ಮಾಡುವುದು ಹೇಗೆ?

ಅಮೆರಿಕದಲ್ಲಿ ಜುಲೈ 4, ಅಂದರೆ ಇಲ್ಲಿನ ಸ್ವಾತಂತ್ರ್ಯ ದಿನ ಬಂತೆಂದರೆ ನಮ್ಮ ಮನೆಯಲ್ಲಿ ತುಂಬಾ ವರ್ಷ ಒಂದೇ ಲೆಕ್ಕ. ಸಂಜೆ ಕಾರು ಹತ್ತುವುದು, ಪಟಾಕಿ ನೋಡುವುದು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮಧ್ಯರಾತ್ರಿ ಮನೆ ಸೇರುವುದು. ಎದುರು ಮನೆಯವರ ಹೆಸರೂ ಆಗ ನಮಗೆ ಗೊತ್ತಿರಲಿಲ್ಲ. ಈಗ ಹಬ್ಬವನ್ನು ನಮ್ಮ ಬೀದಿಯಲ್ಲೇ ಮಾಡುತ್ತೇವೆ. ಖರ್ಚು ಕಡಿಮೆ, ಖುಷಿ ಜಾಸ್ತಿ. ನೀವೂ ಮಾಡಬಹುದು.

ಮೊದಲು ಬಾಗಿಲು ತಟ್ಟಿ

ಐದಾರು ವಾರ ಮೊದಲೇ ಶುರು ಮಾಡಿ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ ಸುಮ್ನೆ ಕೂತರೆ ಆಗುವುದಿಲ್ಲ. ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ. ಯಾರೂ ಇಲ್ಲದಿದ್ದರೆ ಬಾಗಿಲಿಗೆ ಚೀಟಿ ಸಿಕ್ಕಿಸಿ ಬನ್ನಿ. ಮನೆಯ ಅಂಚೆ ಡಬ್ಬಿಗೆ ಮಾತ್ರ ಹಾಕಬೇಡಿ, ಸ್ಟಾಂಪ್ ಇಲ್ಲದ ಕಾಗದವನ್ನು ಅದರಲ್ಲಿ ಹಾಕುವುದು ಅಮೆರಿಕದ ಕಾನೂನಿಗೆ ವಿರುದ್ಧ.

‘ಬನ್ನಿ’ ಎಂದಷ್ಟೇ ಹೇಳದೆ ಪ್ರತಿ ಮನೆಗೂ ಒಂದು ಸಣ್ಣ ಕೆಲಸ ಕೊಡಿ. ಒಬ್ಬರು ಮಡಚುವ ಕುರ್ಚಿ ತರಲಿ, ಒಬ್ಬರು ಐಸ್ ತರಲಿ, ಸುಟ್ಟು ಬೇಯಿಸುವ ಗ್ರಿಲ್ ಒಲೆ ಇರುವವರು ಅದನ್ನು ತರಲಿ. ಒಂಟಿಯಾಗಿರುವ ಹಿರಿಯರಿಗೂ ಏನಾದರೂ ಒಪ್ಪಿಸಿ. ಬರೀ ಅತಿಥಿಯಾಗಿ ಬರಲು ಸಂಕೋಚಪಡುವವರು ಕೆಲಸ ಇದ್ದರೆ ಬಂದೇ ಬರುತ್ತಾರೆ.

ಮಾಜಿ ಸೈನಿಕರಿದ್ದರೆ ಪಟಾಕಿ ಹಚ್ಚುವ ಸಮಯವನ್ನು ಮೊದಲೇ ತಿಳಿಸಿ. ಯುದ್ಧ ನೋಡಿ ಬಂದ ಕೆಲವರಿಗೆ ದಿಢೀರ್ ಸದ್ದು ತಡೆಯಲು ಆಗುವುದಿಲ್ಲ.

ಪರ್ಮಿಟ್

ಬೀದಿ ಮುಚ್ಚಬೇಕಾದರೆ ಸಾಮಾನ್ಯವಾಗಿ ನಗರಾಡಳಿತದ ‘ಬ್ಲಾಕ್ ಪಾರ್ಟಿ’ (ಬೀದಿ ಹಬ್ಬದ) ಪರ್ಮಿಟ್ ಬೇಕು. ನಿಯಮ ಊರಿಂದೂರಿಗೆ ಬೇರೆ. ಕೆಲವು ಕಡೆ ಅಕ್ಕಪಕ್ಕದವರ ಸಹಿಯನ್ನೂ ಕೇಳುತ್ತಾರೆ, ಬಾಗಿಲು ತಟ್ಟುವಾಗಲೇ ಹಾಕಿಸಿಕೊಳ್ಳಿ. ಮೇಜು, ಟೆಂಟ್ ಎಲ್ಲಾ ಒಂದೇ ಬದಿಗೆ ಇರಲಿ. ಅಗ್ನಿಶಾಮಕ ವಾಹನ ನುಗ್ಗಲು ಹಲವು ಕಡೆ 20 ಅಡಿ ದಾರಿ ಬಿಡಬೇಕಾಗುತ್ತದೆ. ಪರ್ಮಿಟ್ ಸಿಗಲಿಲ್ಲವೇ? ಎರಡು ಮೂರು ಮನೆಗಳ ಅಂಗಳ ಸೇರಿಸಿಕೊಂಡರೂ ಸಾಕು.

ಬೆಳಿಗ್ಗೆ ಮಕ್ಕಳ ಮೆರವಣಿಗೆ

ಬಿಸಿಲು ಏರುವ ಮೊದಲು ಇದನ್ನು ಮುಗಿಸಿ. ಸೈಕಲ್, ಕಾಲಿನಿಂದ ತಳ್ಳುವ ಸ್ಕೂಟರ್, ಮಗುವಿನ ತಳ್ಳುಗಾಡಿಗೆ ಕೆಂಪು, ಬಿಳಿ, ನೀಲಿ ಕಾಗದದ ಪಟ್ಟಿ ಸುತ್ತಿದರೆ ಮೆರವಣಿಗೆ ಸಿದ್ಧ. ಪಟ್ಟಿ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಮೆರವಣಿಗೆ ನಿಂತ ಮೇಲೆ ಎರಡೇ ನಿಮಿಷ ಒಂದು ಕಥೆ ಹೇಳಿ. ಮಕ್ಕಳಿಗೆ ಇದು ತುಂಬಾ ಇಷ್ಟ. ಬ್ರಿಟನ್‌ನಿಂದ ಬೇರೆಯಾಗುವ ನಿರ್ಣಯಕ್ಕೆ ಫಿಲಡೆಲ್ಫಿಯಾದಲ್ಲಿ ಮತ ಬಿದ್ದದ್ದು 1776ರ ಜುಲೈ 2ರಂದು. ಮುಂದೆ ಎಲ್ಲರೂ ಹಬ್ಬ ಮಾಡುವುದು ಅದೇ ದಿನ ಎಂದುಕೊಂಡು, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ ತಮ್ಮ ಹೆಂಡತಿ ಅಬಿಗೇಲ್‌ಗೆ ಪತ್ರ ಬರೆದರು. ಮೆರವಣಿಗೆ, ಆಟ, ಗಂಟೆ, ದೀಪ ಎಲ್ಲಾ ಇರಬೇಕು ಎಂದಿದ್ದರು. ಸ್ವಾತಂತ್ರ್ಯ ಘೋಷಣೆಯ ಬರಹಕ್ಕೆ ಒಪ್ಪಿಗೆ ಸಿಕ್ಕಿದ್ದು ಎರಡು ದಿನದ ನಂತರ, ಹಾಗಾಗಿ ಹಬ್ಬ ಜುಲೈ 4ಕ್ಕೇ ಖಾಯಂ ಆಯಿತು. ಆಮೇಲೆ ಆ ಘೋಷಣೆಯ ನಾಲ್ಕು ಸಾಲನ್ನು ಮನೆಗೊಬ್ಬರಂತೆ ಓದಿ. ಬೇರೆ ಬೇರೆ ದೇಶದಿಂದ ಬಂದವರು, ಬೇರೆ ಬೇರೆ ಉಚ್ಚಾರಣೆಯಲ್ಲಿ ಓದುವುದನ್ನು ಕೇಳಿದರೆ ನನಗೆ ಪ್ರತಿ ವರ್ಷವೂ ಕಣ್ಣು ತುಂಬುತ್ತದೆ.

ಧ್ವಜವನ್ನು ಗೋಡೆಗೆ ಹಾಕುವುದಾದರೆ ನಕ್ಷತ್ರಗಳ ಭಾಗ ಮೇಲೆ, ನೋಡುವವರ ಎಡಕ್ಕೆ ಬರಬೇಕು. ಮೇಜಿನ ಮೇಲೆ ಹಾಸಬಾರದು.

ಊಟ

ಪ್ರತಿ ಮನೆಯಿಂದ ಒಂದೊಂದು ತಿನಿಸು ಬರುವ ಪಾಟ್‌ಲಕ್ ಎಲ್ಲಕ್ಕಿಂತ ಸುಲಭ. ಯಾರು ಏನು ತರುತ್ತಾರೆ ಎಂದು ಬರೆದಿಡಿ, ಇಲ್ಲದಿದ್ದರೆ ಎಲ್ಲರೂ ಚಿಪ್ಸ್ ಹಿಡಿದುಕೊಂಡು ಬರುತ್ತಾರೆ. ಸಸ್ಯಾಹಾರಿಗಳಿಗೆ ಬೇರೆಯೇ ಗ್ರಿಲ್ ಮತ್ತು ಇಕ್ಕಳ ಇರಲಿ. ಮುಸುಕಿನ ಜೋಳ, ದಪ್ಪ ಮೆಣಸಿನಕಾಯಿ, ಅಣಬೆ ಚೆನ್ನಾಗಿ ಸುಡುತ್ತವೆ. ಮಾಂಸ ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಲಾಗದು, ಥರ್ಮಾಮೀಟರ್ ಚುಚ್ಚಿ ನೋಡಿ. ಬೀಫ್ ಬರ್ಗರ್ ಒಳಗೆ 160, ಕೋಳಿ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು.

ಕೆಡುವ ಪದಾರ್ಥವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಒಂದೇ ಗಂಟೆ. ಮೊಸರನ್ನಕ್ಕೂ ಇದು ಅನ್ವಯಿಸುತ್ತದೆ.

ಕತ್ತಲಾದ ಮೇಲೆ

ಪಟಾಕಿ ಕೊಳ್ಳುವ ಮೊದಲು ನಿಮ್ಮ ರಾಜ್ಯ ಮತ್ತು ಊರಿನ ಕಾನೂನು ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ ಸುರುಸುರು ಬತ್ತಿಯನ್ನೂ ಹಚ್ಚುವಂತಿಲ್ಲ. ಅನುಮತಿ ಇರುವ ಕಡೆಯೂ ಅದನ್ನು ಆಟಿಕೆ ಎಂದುಕೊಳ್ಳಬೇಡಿ. ಅದರ ತುದಿ ಸುಮಾರು 2000 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ ಉರಿಯುತ್ತದೆ. ಚಿಕ್ಕ ಮಕ್ಕಳಿಗೆ ಬೆಳಗುವ ಪ್ಲಾಸ್ಟಿಕ್ ಕಡ್ಡಿಯೇ ಸರಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು. ಹೊತ್ತದ ಪಟಾಕಿಗೆ ಮತ್ತೆ ಬೆಂಕಿ ಹಚ್ಚಬೇಡಿ. ನಾಯಿ ಬೆಕ್ಕುಗಳನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಡಿ.

ಸುಟ್ಟ ಬತ್ತಿಗಳೆಲ್ಲ ಬೆಳಗಿನವರೆಗೆ ನೀರಿನಲ್ಲೇ ನೆನೆಯಲಿ. ಮರುದಿನ ಬರಿಗಾಲಿನ ಮಕ್ಕಳು ಹೊರಗೆ ಬರುವ ಮೊದಲು ಬೀದಿಯುದ್ದಕ್ಕೂ ನಡೆದು ತಂತಿ ಚೂರು ಆಯ್ದುಬಿಡಿ. ಮೇಜಿನ ಮೇಲೆ ಉಳಿದ ಪಾತ್ರೆಗಳನ್ನು ತೊಳೆದು, ಯಾವುದು ಯಾರದ್ದೆಂದು ಕೇಳಿಕೊಂಡು, ಅವರವರ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿ.