ಗಣಿ ಕಂಪನಿ ಷೇರಿಗೆ ಆಫರ್ ಬಂದಿದೆ: ಕೊಡೋದಾ, ಇಟ್ಟುಕೊಳ್ಳೋದಾ?

ನಾನು ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಅಕೌಂಟೆನ್ಸಿ ಕಲಿಸಿ ನಿವೃತ್ತಿಯಾದವಳು. ಅದಿರು ಲಾರಿಗಳ ಊರು ನಮ್ಮದು. ಹಾಗಾಗಿ ಗಣಿ ಕಂಪನಿಗಳ ನೂರಿನ್ನೂರು ಷೇರು ಇಟ್ಟುಕೊಂಡ ಹಳೇ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ಓಪನ್ ಆಫರ್, ಅಂದರೆ ದೊಡ್ಡ ಪಾಲು ಬೇಕಾದವರು ಷೇರುದಾರರೆಲ್ಲರಿಗೂ "ಇಷ್ಟು ಬೆಲೆಗೆ ಕೊಳ್ಳುತ್ತೇವೆ" ಎಂದು ಹೇಳುವ ಸುದ್ದಿ, ಬಂದ ಕೂಡಲೇ ಫೋನ್ ಬರುತ್ತದೆ. "ಮೇಡಂ, ಇಷ್ಟು ಕೊಡ್ತಾರಂತೆ. ಕೊಟ್ಟುಬಿಡ್ಲಾ?"

ನಾನು ಮೊದಲು ಕೇಳುವುದು ಬೆಲೆ ಎಷ್ಟು ಅಂತ ಅಲ್ಲ. ಈ ಆಫರ್ ಈಗಲೇ ಯಾಕೆ ಬಂತು, ಅಂತ. ದಿನ ಆರಿಸುವವರು ಕೊಳ್ಳುವವರೇ ಹೊರತು ನಾವಲ್ಲ. ನಮ್ಮ ಹೊಳಲ್ಕೆರೆ ಕಡೆ ಅಡಿಕೆ ತೋಟವನ್ನು ಚೇಣಿಗೆ ಕೊಡುತ್ತಾರಲ್ಲ, ಧಾರಣೆ ಬಿದ್ದ ವರ್ಷವೇ ಚೇಣಿದಾರ ಬೆಳಿಗ್ಗೆ ಬೇಗ ಬಂದು ಬಾಗಿಲು ತಟ್ಟುತ್ತಾನೆ. ಗಣಿ ಷೇರಿನ ಕಥೆಯೂ ಅದೇ. ಲೋಹದ ಬೆಲೆ ಏರಿಳಿದ ಹಾಗೆ ಷೇರೂ ಕುಣಿಯುತ್ತದೆ. ಆಫರ್ ಬರುವುದು ಹೆಚ್ಚಾಗಿ ಅದು ಕೆಳಗೆ ಬಿದ್ದಿರುವಾಗ.

ವೇದಾಂತದ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲೂ ಅವರ ಕಬ್ಬಿಣದ ಅದಿರಿನ ಗಣಿ ಇದೆ. ಹಳೇ ಸೆಸಾ ಗೋವಾ ಷೇರು ಇಟ್ಟುಕೊಂಡಿದ್ದವರೂ ಈಗ ಇದೇ ಕಂಪನಿಯ ಷೇರುದಾರರು.

2020ರ ಮೇ 12. ಲಾಕ್‌ಡೌನ್ ಸಮಯ. ಪ್ರವರ್ತಕ ಕಂಪನಿ, ಅಂದರೆ ವೇದಾಂತದ ಮೇಲೆ ಹಿಡಿತ ಇರುವ ವೇದಾಂತ ರಿಸೋರ್ಸಸ್, ಷೇರಿಗೆ 87.50 ರೂಪಾಯಿ ಕೊಟ್ಟು ಕಂಪನಿಯನ್ನು ಷೇರುಪೇಟೆಯಿಂದಲೇ ತೆಗೆಯುತ್ತೇವೆ ಎಂದಿತು. ಇದಕ್ಕೆ ಡೀಲಿಸ್ಟಿಂಗ್ ಅನ್ನುತ್ತಾರೆ. ಹಿಂದಿನ ದಿನದ ಬೆಲೆಗಿಂತ ಶೇ 10ರ ಹತ್ತಿರ ಜಾಸ್ತಿ. ಪೇಪರಿನಲ್ಲಿ ಓದಿದವರಿಗೆ ಪರವಾಗಿಲ್ಲ ಅನ್ನಿಸಿತು. ಆದರೆ ಅದೇ ಷೇರು ಆ ವರ್ಷದ ಜನವರಿಯಲ್ಲಿ 140ರ ಮೇಲಿತ್ತು. ಇಂಥ ಆಫರ್‌ಗೆ ಕಾನೂನು ಹೇಳುವ ಕನಿಷ್ಠ ಬೆಲೆ ಲೆಕ್ಕ ಹಾಕುವಾಗ ನೋಡುವುದು ಮುಖ್ಯವಾಗಿ ಘೋಷಣೆಗೆ ಹಿಂದಿನ 60 ವಹಿವಾಟು ದಿನಗಳ ಸರಾಸರಿಯನ್ನು. ಮಾರ್ಚ್‌ನ ಕುಸಿತವೆಲ್ಲ ಅದರೊಳಗೆ ಬಂತು. ಕಾನೂನಿನ ಪ್ರಕಾರ ಸರಿ, ನಮ್ಮ ಲೆಕ್ಕದಲ್ಲಿ ಕಡಿಮೆ.

ಆದ್ದರಿಂದ "ನಿನ್ನೆಯ ಬೆಲೆಗಿಂತ ಎಷ್ಟು ಜಾಸ್ತಿ" ಎಂಬ ಅಂಕಿಯನ್ನು ಬದಿಗಿಡಿ. ಐದು ವರ್ಷದ ಷೇರು ಬೆಲೆ ತೆಗೆಯಿರಿ. ಪಕ್ಕದಲ್ಲಿ ಆ ಕಂಪನಿ ತೆಗೆಯುವ ಲೋಹದ ಐದು ವರ್ಷದ ಬೆಲೆ ಬರೆಯಿರಿ. ಎರಡೂ ತಳದಲ್ಲಿದ್ದರೆ ಅವಸರ ಬೇಡ.

ಎರಡನೆಯ ಕೆಲಸ, ಪೆನ್ನು ಹಿಡಿದು ಒಳಗಿನ ಆಸ್ತಿ ಎಣಿಸುವುದು. ನನ್ನ ವಿದ್ಯಾರ್ಥಿಗಳು ಇದಕ್ಕೇ ಸೋಮಾರಿತನ ಮಾಡೋದು. ಆಗ ವೇದಾಂತದ ಒಟ್ಟು ಷೇರು ಸುಮಾರು 371.7 ಕೋಟಿ. 87.50ರಿಂದ ಗುಣಿಸಿದರೆ ಇಡೀ ಕಂಪನಿಗೆ ಕಟ್ಟಿದ ಬೆಲೆ 32,500 ಕೋಟಿ ಚಿಲ್ಲರೆ. ಈ ಕಂಪನಿಯ ಕೈಯಲ್ಲಿ ಆಗ ಹಿಂದೂಸ್ತಾನ್ ಝಿಂಕ್‌ನ ಶೇ 64.92 ಪಾಲು ಇತ್ತು, ಅಂದರೆ 274 ಕೋಟಿ ಷೇರು. ಆಗಿನ ಪೇಟೆ ಬೆಲೆಗಿಂತ ಕಡಿಮೆಯಾಗಿ, 150 ಅಂತಲೇ ಹಿಡಿಯೋಣ. ಅದೊಂದೇ 41,000 ಕೋಟಿ ದಾಟುತ್ತದೆ. ವೇದಾಂತದ ಒಂದು ಷೇರಿಗೆ ಹಂಚಿದರೆ ಸುಮಾರು 110 ರೂಪಾಯಿ. ಅಲ್ಯೂಮಿನಿಯಂ, ತೈಲ, ಕಬ್ಬಿಣದ ಅದಿರು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಲ್ಲಿಗೆ ನಿಲ್ಲಿಸಿ "ಮೋಸ, ಮೋಸ" ಅನ್ನಬೇಡಿ. ಸಾಲ ಕಳೆಯಬೇಕು. ಗಣಿ ಕಂಪನಿಗಳಿಗೆ ಸಾಲ ಯಾವಾಗಲೂ ಜಾಸ್ತಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಒಟ್ಟು ಸಾಲದಿಂದ ಕೈಲಿರುವ ನಗದನ್ನು ಕಳೆದು, ಉಳಿದದ್ದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ. ಆ ಮೊತ್ತವನ್ನು ಆಸ್ತಿಯ ಲೆಕ್ಕದಿಂದ ತೆಗೆಯಿರಿ. ನಿಮ್ಮ ಉತ್ತರ ಪೈಸೆವರೆಗೂ ಸರಿ ಇರಬೇಕಾಗಿಲ್ಲ. ಆಫರ್ ಬೆಲೆ ಅದರ ಹತ್ತಿರ ಇದೆಯೋ, ದೂರ ಇದೆಯೋ ಗೊತ್ತಾದರೆ ಸಾಕು.

ಗಣಿಗೆ ಮಾತ್ರ ಸೇರಿದ ಒಂದು ವಿಷಯ ಇದೆ. ಗುತ್ತಿಗೆ. ಕಾರ್ಖಾನೆ ಕಂಪನಿಯದ್ದು, ಆದರೆ ಭೂಮಿಯೊಳಗಿನ ಅದಿರು ಸರ್ಕಾರದಿಂದ ಪಡೆದ ಹಕ್ಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗೋವಾದ 88 ಗುತ್ತಿಗೆಗಳನ್ನು ರದ್ದು ಮಾಡಿತು. ಮಾರ್ಚ್ ಮಧ್ಯದಲ್ಲಿ ಅಲ್ಲಿ ಗಣಿಗಾರಿಕೆ ನಿಂತಿತು. 2011ರಲ್ಲಿ ಬಳ್ಳಾರಿ, ಆಮೇಲೆ ನಮ್ಮ ಚಿತ್ರದುರ್ಗ, ತುಮಕೂರು ನಿಂತಿದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ವಾರ್ಷಿಕ ವರದಿಯಲ್ಲಿ ಪ್ರತಿ ಗಣಿಯ ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ ನೋಡಿ. ಇರುವ ನಿಕ್ಷೇಪವನ್ನು ವರ್ಷದ ಉತ್ಪಾದನೆಯಿಂದ ಭಾಗಿಸಿ, ಎಷ್ಟು ವರ್ಷ ಬರುತ್ತದೆ ಅಂತ ತಿಳಿಯಿರಿ. ಅದಿರು 30 ವರ್ಷಕ್ಕೆ ಇದ್ದು ಗುತ್ತಿಗೆ 2030ಕ್ಕೇ ಮುಗಿಯುವುದಾದರೆ, 30 ವರ್ಷದ ಕನಸಿಗೆ ಬೆಲೆ ಕಟ್ಟಬೇಡಿ. ಆಮೇಲೆ ಹರಾಜು, ಹರಾಜಿನಲ್ಲಿ ಸರ್ಕಾರಕ್ಕೆ ಕೊಡಬೇಕಾದ ಪ್ರೀಮಿಯಂ, ಎಲ್ಲ ಹೊಸ ಲೆಕ್ಕ.

ಮೂರನೆಯದು, ಬಂದಿರುವ ಆಫರ್ ಯಾವ ಜಾತಿಯದು ಅಂತ ನೋಡುವುದು.

ಡೀಲಿಸ್ಟಿಂಗ್‌ನಲ್ಲಿ, ವೇದಾಂತದಲ್ಲಿ ಆದ ಹಾಗೆ, ಬೆಲೆಯನ್ನು ನಾವೇ ಬರೆದು ಕೊಡುತ್ತೇವೆ. ಕಡಿಮೆ ಬೆಲೆಯಿಂದ ಮೇಲಕ್ಕೆ ಎಣಿಸುತ್ತಾ ಹೋಗಿ, ಯಾವ ಬೆಲೆಗೆ ಪ್ರವರ್ತಕರ ಪಾಲು ಶೇ 90 ಮುಟ್ಟುತ್ತದೋ ಅದೇ ಎಲ್ಲರ ಬೆಲೆ. ನೀವು 100 ಅಂತ ಬರೆದಿದ್ದು ಬೆಲೆ 200ಕ್ಕೆ ನಿಂತರೆ ನಿಮಗೂ 200 ಸಿಗುತ್ತದೆ. ಜಾಸ್ತಿ ಬರೆದು ಹೊರಗುಳಿದರೆ? ಡೀಲಿಸ್ಟ್ ಆದ ಮೇಲೂ ಒಂದು ವರ್ಷ ಅದೇ ಬೆಲೆಗೆ ಕೊಡಲು ಅವಕಾಶ ಇದೆ. ಹಾಗಾಗಿ ಹೆದರಿ ಕನಿಷ್ಠ ಬೆಲೆ ಬರೆಯುವ ಅಗತ್ಯವೇ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಎಲ್‌ಐಸಿ ತನ್ನ ಶೇ 6.37 ಪಾಲಿಗೆ 320 ರೂಪಾಯಿ ಬರೆಯಿತು. ಕನಿಷ್ಠ ಬೆಲೆ 87.25 ಇದ್ದಾಗ! ಬೇಕಾಗಿದ್ದದ್ದು ಸುಮಾರು 134 ಕೋಟಿ ಷೇರು, ಖಚಿತವಾಗಿ ಬಂದದ್ದು 125.47 ಕೋಟಿ. ಪ್ರಯತ್ನ ಬಿದ್ದುಹೋಯಿತು. ಮುಂದಿನ ಸೋಮವಾರ ಷೇರು ಶೇ 20ರಷ್ಟು ಕುಸಿಯಿತು. ಡೀಲಿಸ್ಟಿಂಗ್ ಆಗೇ ಆಗುತ್ತದೆ ಅಂತ ಕೊನೇ ವಾರದಲ್ಲಿ ಕೊಂಡವರಿಗೆ ಬಿದ್ದ ಏಟು ಅದು. ಈಗ ನಿಗದಿತ ಬೆಲೆಯ ದಾರಿಯೂ ಇದೆ. ಅದರಲ್ಲಿ ಕನಿಷ್ಠ ಬೆಲೆಗಿಂತ ಶೇ 15 ಆದರೂ ಜಾಸ್ತಿ ಕೊಡಬೇಕು.

ಓಪನ್ ಆಫರ್ ಬೇರೆ. ಇಲ್ಲಿ ಬೆಲೆ ಅವರದ್ದು, ಕಂಪನಿ ಪೇಟೆಯಲ್ಲೇ ಉಳಿಯುತ್ತದೆ. ಹೊಸಬರು ಶೇ 25 ಮುಟ್ಟಿದರೆ ಇನ್ನೂ ಶೇ 26ಕ್ಕೆ ಆಫರ್ ಕೊಡಲೇಬೇಕು. ಇರುವ ಪ್ರವರ್ತಕರು ತಾವಾಗಿಯೇ ಕನಿಷ್ಠ ಶೇ 10ಕ್ಕೆ ಕೊಡಬಹುದು. ವೇದಾಂತ ರಿಸೋರ್ಸಸ್ ಮಾಡಿದ್ದು ಈ ಎರಡನೆಯದು. 2020ರ ಡಿಸೆಂಬರ್‌ನಲ್ಲಿ ಪೇಟೆಯಲ್ಲೇ 159.94ಕ್ಕೆ ಶೇ 4.98 ಕೊಂಡರು. ಜನವರಿಯಲ್ಲಿ 160ಕ್ಕೆ ಆಫರ್ ಎಂದರು. ಆ ಹೊತ್ತಿಗೆ ಪೇಟೆ ಬೆಲೆಯೇ 160 ದಾಟಿತ್ತು. ಮಾರ್ಚ್‌ನಲ್ಲಿ 235ಕ್ಕೆ ಏರಿಸಿ ಶೇ 17.5 ಕೇಳಿದರು. ಹತ್ತು ತಿಂಗಳಲ್ಲಿ 87.50 ಇದ್ದದ್ದು 235!

ಇದರಿಂದ ಒಂದು ನಿಯಮ ನೆನಪಿಡಿ. ಷೇರು ಸ್ವೀಕರಿಸುವ ಅವಧಿ ಶುರುವಾಗುವ ಹಿಂದಿನ ಕೆಲಸದ ದಿನದವರೆಗೂ ಬೆಲೆ ಏರಿಸಬಹುದು. ಅವಧಿ ಇರುವುದು 10 ಕೆಲಸದ ದಿನ. ಓಪನ್ ಆಫರ್‌ನಲ್ಲಿ ಒಮ್ಮೆ ಕೊಟ್ಟರೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಹಾಗಿದ್ದ ಮೇಲೆ ಮೊದಲ ದಿನವೇ ಯಾಕೆ ಕೊಡಬೇಕು? ಏಳೆಂಟನೆಯ ದಿನದವರೆಗೆ ಸುಮ್ನೆ ಇರಿ. ಪೇಟೆ ಬೆಲೆ ಆಫರ್ ಬೆಲೆ ದಾಟಿದರೆ ಪೇಟೆಯಲ್ಲೇ ಮಾರಬಹುದು. ಕೊನೇ ದಿನದವರೆಗೂ ಎಳೆಯಬೇಡಿ, ಬ್ರೋಕರ್‌ಗಳು ಮುಂಚೆಯೇ ಬಾಗಿಲು ಹಾಕುವುದುಂಟು.

ಕೊಟ್ಟದ್ದೆಲ್ಲ ತೆಗೆದುಕೊಳ್ಳುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ಕೇಳಿದ್ದಕ್ಕಿಂತ ಜಾಸ್ತಿ ಬಂದರೆ ಪ್ರಮಾಣಕ್ಕೆ ತಕ್ಕಂತೆ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತಾರೆ. ವೇದಾಂತದಲ್ಲಿ 65.1 ಕೋಟಿ ಕೇಳಿದ್ದಕ್ಕೆ ಬಂದದ್ದು 37.4 ಕೋಟಿ. ಹಾಗಾಗಿ ಅಲ್ಲಿ ಆ ತೊಂದರೆ ಬರಲಿಲ್ಲ.

ಕೊಡದೆ ಉಳಿದವರ ಕಥೆಯನ್ನೂ ಹೇಳಬೇಕಲ್ಲ. 2022ರಲ್ಲಿ ಷೇರು 400 ದಾಟಿತು. 2022–23ರ ಒಂದೇ ಹಣಕಾಸು ವರ್ಷದಲ್ಲಿ ಷೇರಿಗೆ 101.50 ರೂಪಾಯಿ ಡಿವಿಡೆಂಡ್ ಬಂತು. 2023ರಲ್ಲಿ ಷೇರು ಮತ್ತೆ 220ರ ಕೆಳಗೂ ಇಳಿಯಿತು. ಮಗಳ ಫೀಸು ಕಟ್ಟಬೇಕಿದ್ದವರು 235ಕ್ಕೆ ಕೊಟ್ಟದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಕೇಳಿದವರಿಗೆ ನಾನು ಹೇಳುವುದು, ಅರ್ಧ ಕೊಡಿ, ಅರ್ಧ ಇಡಿ. ಪಂಡಿತರಿಗೆ ಈ ಮಾತು ರುಚಿಸುವುದಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಕೊಳ್ಳುವವರು ಕಳಿಸುವ ವಿವರಗಳ ಪತ್ರ, ಲೆಟರ್ ಆಫ್ ಆಫರ್, ದಪ್ಪಗಿರುತ್ತದೆ. ಅದರಲ್ಲಿ ಬೆಲೆ ಹೇಗೆ ಬಂತು, ಹಣ ಎಲ್ಲಿಂದ, ಕೊಂಡ ಮೇಲೆ ಕಂಪನಿಯನ್ನು ಏನು ಮಾಡುತ್ತಾರೆ ಎಂಬ ಭಾಗಗಳನ್ನು ಓದಿ. ಸಾಲ ತಂದು ಕೊಳ್ಳುತ್ತಿದ್ದರೆ ಆ ಸಾಲ ತೀರಿಸಲು ಕಂಪನಿಯಿಂದ ದೊಡ್ಡ ಡಿವಿಡೆಂಡ್ ಎಳೆಯಬಹುದು. ನಿಮಗೂ ಪಾಲು ಬರುತ್ತದೆ, ಆದರೆ ಕಂಪನಿ ಸೊರಗುತ್ತದೆ. ಡಿವಿಡೆಂಡ್‌ಗೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ ತೆರಿಗೆ. ವರ್ಷಕ್ಕಿಂತ ಹೆಚ್ಚು ಇಟ್ಟ ಷೇರನ್ನು ಎಕ್ಸ್‌ಚೇಂಜ್ ಮೂಲಕ ಕೊಟ್ಟರೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಸ್ವತಂತ್ರ ನಿರ್ದೇಶಕರ ಅಭಿಪ್ರಾಯವೂ ಪೇಪರಿನಲ್ಲಿ ಬರುತ್ತದೆ. ಓದಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಕೊಡಲು ನಿರ್ಧರಿಸಿದರೆ ಬ್ರೋಕರ್ ಆ್ಯಪ್‌ನಲ್ಲೇ ಆಯ್ಕೆ ಇರುತ್ತದೆ. ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಲೀನ್ (ಬೇರೆಯವರಿಗೆ ಮಾರಲಾಗದಂತೆ ತಡೆ) ಬಿದ್ದು ನಿಲ್ಲುತ್ತದೆ, ಆಫರ್ ಮುಗಿದ ಮೇಲೆ ಹೋಗುತ್ತದೆ. ಅವಧಿ ಮುಗಿದು 10 ಕೆಲಸದ ದಿನದೊಳಗೆ ಹಣ ಬರಬೇಕು. ಬರದಿದ್ದರೆ ಮೊದಲು ಬ್ರೋಕರ್‌ಗೆ, ಅಲ್ಲಿ ಉತ್ತರ ಸಿಗದಿದ್ದರೆ ಷೇರುಪೇಟೆ ನಿಯಂತ್ರಕ ಸೆಬಿಯ ದೂರು ತಾಣ ಸ್ಕೋರ್ಸ್‌ನಲ್ಲಿ ದೂರು ಕೊಡಿ. ಬ್ರೋಕರ್ ಕೊಡುವ ವಹಿವಾಟಿನ ಚೀಟಿ, ಕಾಂಟ್ರಾಕ್ಟ್ ನೋಟ್, ಎತ್ತಿಡಿ, ಜುಲೈನಲ್ಲಿ ರಿಟರ್ನ್ಸ್ ತುಂಬುವಾಗ ಬೇಕಾಗುತ್ತದೆ.