ಬಾಗಿಲಲ್ಲಿ ನಿಂತ ಮೆಗ್ನೀಷಿಯಂ

ಪ್ರಥಮ ಪಿಯುಸಿಯ ಜೀವಶಾಸ್ತ್ರ ಪಠ್ಯವು ಎರಡು ನರಕೋಶಗಳು ಸಂಧಿಸುವ ತಾಣವಾದ ಸಿನಾಪ್ಸ್‌ನಲ್ಲಿ ಸಂಕೇತ ಹಿಡಿಯುವ ರಿಸೆಪ್ಟರ್‌ಗಳಿವೆ ಎಂದು ಹೇಳಿ ಮುಂದೆ ಸಾಗಿಬಿಡುತ್ತದೆ. ಕಲಿಕೆಯ ಕಥೆ ಶುರುವಾಗುವುದೇ ಅಲ್ಲಿಂದ ಎಂಬುದು ನನ್ನ ತಕರಾರು. ಶಿರಸಿಯ ನಮ್ಮ ಕಾಲೇಜಿನಲ್ಲಿ ಈ ಭಾಗವನ್ನು ನಾನು ಮಕ್ಕಳಿಂದಲೇ ಆಡಿಸುತ್ತೇನೆ. ಮಳೆಗಾಲದಲ್ಲಿ ಮೈದಾನಕ್ಕೆ ಇಳಿಯುವಂತಿಲ್ಲ, ಜಗುಲಿ ಸಾಕು.

ಕೋಣೆಯೇ ನರಕೋಶ. ಹಿಂಬಾಗಿಲು ಎಎಂಪಿಎ ಎಂಬ ಬಗೆಯ ರಿಸೆಪ್ಟರ್, ಮುಂಬಾಗಿಲು ಎನ್‌ಎಂಡಿಎ ಎಂಬ ಇನ್ನೊಂದು ಬಗೆಯದು. ಕೋಶದಿಂದ ಕೋಶಕ್ಕೆ ಸಂಕೇತ ಒಯ್ಯುವ ರಾಸಾಯನಿಕವಾದ ಗ್ಲುಟಮೇಟ್‌ನ ಪಾತ್ರದವಳು ಬಂದು ಎರಡರ ಚಿಲಕವನ್ನೂ ತೆಗೆಯುತ್ತಾಳೆ. ಹಿಂದಿನಿಂದ ಸೋಡಿಯಂಗಳು ನುಗ್ಗುತ್ತವೆ. ಮುಂದೆ ಹಾಗಲ್ಲ, ಚಿಲಕ ತೆಗೆದರೂ ಹೊಸ್ತಿಲ ಮೇಲೆ ದಪ್ಪಗಿನ ಹುಡುಗನೊಬ್ಬ ಅಡ್ಡ ನಿಂತಿರುತ್ತಾನೆ. ಅವನು ಮೆಗ್ನೀಷಿಯಂ. ಕೋಶದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುವುದರಿಂದ ಆ ಸೆಳೆತಕ್ಕೆ ಬಂದು ಸಿಕ್ಕಿಕೊಂಡವನು. ಎಲ್ಲರ ಎದೆಯ ಮೇಲೂ ಪ್ಲಸ್ ಚೀಟಿ. ಒಳಗೆ ಒಂದೆರಡು ಸೋಡಿಯಂ ಬಂದರೆ ಅವನು ಅಲುಗುವುದಿಲ್ಲ. ಬೆನ್ನುಬೆನ್ನಿಗೆ ಬಂದು ತುಂಬಿಕೊಂಡರೆ ಮಾತ್ರ ಪ್ಲಸ್‌ಗೆ ಪ್ಲಸ್ ಆಗದೆ ಅವನನ್ನು ಜಗುಲಿಗೆ ತಳ್ಳುತ್ತಾರೆ. ಆಗ ಕ್ಯಾಲ್ಸಿಯಂ ಒಳಬರುತ್ತದೆ.

ಹೊರಗಿನ ಸಂಕೇತ, ಒಳಗಿನ ಎಚ್ಚರ ಎರಡೂ ಒಟ್ಟಿಗೆ ಕೂಡಬೇಕು. ಒಟ್ಟಿಗೆ ಚುರುಕಾಗುವ ಕೋಶಗಳ ನಂಟು ಗಟ್ಟಿಯಾಗುತ್ತದೆ ಎಂದು ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದ್ದಕ್ಕೆ ಸಿಕ್ಕ ಯಂತ್ರ ಇದೇ. ಕ್ಯಾಲ್ಸಿಯಂ ಕಿಣ್ವಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟು ಎಎಂಪಿಎ ರಿಸೆಪ್ಟರ್‌ಗಳನ್ನು ಪೊರೆಗೆ ತರಿಸುತ್ತವೆ. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಹೊಸ ಬಾಗಿಲುಗಳನ್ನು ಬರೆಯುತ್ತೇನೆ. ಕ್ಯಾಲ್ಸಿಯಂ ಕೊಂಚ ಕೊಂಚವೇ ಬಹಳ ಹೊತ್ತು ಜಿನುಗಿದರೆ ರಿಸೆಪ್ಟರ್‌ಗಳು ಕಡಿಮೆಯಾಗುತ್ತವೆ, ಆಗ ಒರೆಸುತ್ತೇನೆ. ಎನ್‌ಎಂಡಿಎ ತೆರೆಯಲು ಗ್ಲೈಸಿನ್ ಅಥವಾ ಡಿ-ಸೆರಿನ್ ಕೂಡ ಬೇಕು. ಅದನ್ನು ಬಾಯಿಮಾತಿನಲ್ಲೇ ಮುಗಿಸುತ್ತೇನೆ, ಇಲ್ಲವಾದರೆ ಬಾಗಿಲಲ್ಲಿ ಜಾತ್ರೆ.

ಚರಿತ್ರೆ ಹೇಳುವುದು ಆಟ ಮುಗಿದ ಮೇಲೆ. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ಗೆ ಕ್ಷಿಪ್ರ ವಿದ್ಯುತ್ ಸ್ಪಂದನ ಕೊಟ್ಟಾಗ ಸಿನಾಪ್ಸ್‌ಗಳು ಗಂಟೆಗಟ್ಟಲೆ ಬಲವಾಗಿಯೇ ಉಳಿದವು. 1986ರಲ್ಲಿ ರಿಚರ್ಡ್ ಮಾರಿಸ್ ತಂಡ ಎಪಿ5 ಎಂಬ ರಾಸಾಯನಿಕದಿಂದ ಇಲಿಗಳ ಎನ್‌ಎಂಡಿಎ ರಿಸೆಪ್ಟರ್‌ಗಳನ್ನು ಮುಚ್ಚಿತು. ಇಲಿಗಳು ಈಜಿದವು, ನೀರಡಿಯ ಕಟ್ಟೆ ಎಲ್ಲಿದೆ ಎಂಬುದನ್ನು ಸರಿಯಾಗಿ ಕಲಿಯಲಾಗಲಿಲ್ಲ.

“ಸರ್, ಒಂದೆಲಗದ ತಂಬುಳಿ ಉಂಡರೆ ಈ ಬಾಗಿಲು ಹೆಚ್ಚು ತೆರೆಯುತ್ತದೆಯೇ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಂಬುಳಿಯನ್ನು ರುಚಿಗಾಗಿ ಉಣ್ಣಿ ಎನ್ನುತ್ತೇನೆ. ಬಾಗಿಲು ಅತಿಯಾಗಿ ತೆರೆದರೆ ಕ್ಯಾಲ್ಸಿಯಂ ಉಕ್ಕಿ ಕೋಶವೇ ಸಾಯುತ್ತದೆ. ಅಲ್ಝೈಮರ್ ರೋಗಿಗಳಿಗೆ ಕೊಡುವ ಮೆಮಾಂಟಿನ್ ಈ ರಿಸೆಪ್ಟರನ್ನು ತೆರೆಯುವ ಔಷಧವಲ್ಲ, ತಡೆಯುವ ಔಷಧ.