ಮೂತ್ರಪರೀಕ್ಷೆಯ ಪಟ್ಟಿಯನ್ನು ಎಷ್ಟು ನಂಬಬೇಕು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ಭಾಗದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್. ಉರಿಮೂತ್ರವೆಂದು ಬಂದವರಿಗೆ ಮೊದಲು ಮಾಡುವುದು ಸ್ಟ್ರಿಪ್ ಪರೀಕ್ಷೆ, ಅಂದರೆ ಬಣ್ಣ ಬದಲಿಸುವ ಸಣ್ಣ ಚೌಕಗಳಿರುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುವುದು. ಎರಡೇ ನಿಮಿಷದಲ್ಲಿ ಉತ್ತರ ಸಿಗುವ ಆ ಪಟ್ಟಿಯನ್ನು ನಾನು ಬಹಳ ಕಾಲ ಅಗತ್ಯಕ್ಕಿಂತ ಹೆಚ್ಚು ನಂಬಿದ್ದೆ.

ಆ ನಂಬಿಕೆ ಅಲುಗಾಡಿದ್ದು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸಿನ ಪರೀಕ್ಷೆಯಿಂದ. ಬ್ಯಾಕ್ಟೀರಿಯಾದ ಸುಳಿವು ಕೊಡುವ ನೈಟ್ರೈಟ್ ಚೌಕ ಬೆಳ್ಳಗೆಯೇ ಉಳಿದಿತ್ತು, ಲ್ಯೂಕೋಸೈಟ್ (ಬಿಳಿ ರಕ್ತಕಣ) ಚೌಕದಲ್ಲಿ ಇದ್ದೂ ಇಲ್ಲದಂತೆ ತೆಳು ನೇರಳೆ. ನಾನು ‘ನೆಗೆಟಿವ್’ ಎಂದು ಬರೆದುಕೊಟ್ಟೆ. ಮೂರನೆಯ ದಿನ ಅವರು ಚಳಿಜ್ವರ, ಸೊಂಟದ ಮೇಲ್ಭಾಗದ ನೋವಿನೊಂದಿಗೆ ಮರಳಿ ಬಂದರು, ಮೂತ್ರದ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. “ಅಕ್ಕ, ಅಂದು ಸ್ಯಾಂಪಲ್ ಕೊಡುವ ಮೊದಲು ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಗಿತ್ತು?” ಎಂದು ಆಗ ಕೇಳಿದೆ. ಉರಿ ತಗ್ಗಲೆಂದು ಬೆಳಗ್ಗಿನಿಂದ ಬಾರ್ಲಿ ನೀರು, ಬೊಂಡ ಕುಡಿಯುತ್ತಿದ್ದರಂತೆ, ಅರ್ಧ ಗಂಟೆಗೊಮ್ಮೆ ಹೋಗುತ್ತಿದ್ದರಂತೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯದು.

ಮೂತ್ರದಲ್ಲಿರುವ ನೈಟ್ರೇಟನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಮಾರ್ಪಡಿಸಿದರೆ ಮಾತ್ರ ಆ ಚೌಕ ಗುಲಾಬಿಯಾಗುತ್ತದೆ. ಅದಕ್ಕೆ ಮೂತ್ರವು ಮೂತ್ರಕೋಶದಲ್ಲಿ ಸುಮಾರು 4 ಗಂಟೆಯಾದರೂ ನಿಂತಿರಬೇಕು. ಎಂಟರೋಕಾಕಸ್‌ನಂತಹ ಕೆಲವು ಬ್ಯಾಕ್ಟೀರಿಯಾಗಳು ಈ ಮಾರ್ಪಾಡನ್ನು ಮಾಡುವುದೇ ಇಲ್ಲ, ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗಿದವರಲ್ಲಿ ಬಣ್ಣ ಮೂಡದೆಯೂ ಇರಬಹುದು. ಆದ್ದರಿಂದ ಉರಿಯಿರುವವರಲ್ಲಿ ಚೌಕ ಗುಲಾಬಿಯಾದರೆ ಅದನ್ನು ಬಹುಮಟ್ಟಿಗೆ ನಂಬಬಹುದು, ಬೆಳ್ಳಗಿದೆಯೆಂದು ಸೋಂಕಿಲ್ಲವೆನ್ನಲಾಗದು. ಲ್ಯೂಕೋಸೈಟ್ ಚೌಕದ ತೊಂದರೆ ಇನ್ನೊಂದು ಬಗೆಯದು: ಬಿಳಿಸೆರಗು ಬೆರೆತರೂ ಅದು ಬಣ್ಣ ತಿರುಗುತ್ತದೆ.

ಮಳೆಗಾಲದಲ್ಲಿ ಕಲಿತ ಪಾಠ ಬೇರೆಯೇ. ಆಷಾಢದ ಒಂದು ವಾರ ಬಂದ ಸ್ಯಾಂಪಲ್‌ಗಳೆಲ್ಲ ನೈಟ್ರೈಟ್ ಪಾಸಿಟಿವ್ ಆಗತೊಡಗಿದಾಗ ಸಂಶಯ ಬಂದು, ಅದೇ ಡಬ್ಬಿಯ ಪಟ್ಟಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದೆ, ಅದೂ ಗುಲಾಬಿಯಾಯಿತು. ಗಡಿಬಿಡಿಯಲ್ಲಿ ಮುಚ್ಚಳ ಸಡಿಲ ಬಿಟ್ಟದ್ದರಿಂದ ಪಟ್ಟಿಗಳು ಗಾಳಿಯ ತೇವ ಹೀರಿ ಕೆಟ್ಟಿದ್ದವು. ಆ ವಾರದವರನ್ನೆಲ್ಲ ಕರೆಸಿ ಮತ್ತೆ ಪರೀಕ್ಷಿಸಿದೆ. ಈಗ ಡಬ್ಬಿ ತೆರೆದ ತಾರೀಕನ್ನು ಅದರ ಮೇಲೆಯೇ ಬರೆಯುತ್ತೇನೆ, ದಿನಕ್ಕೊಂದು ಪಟ್ಟಿಯನ್ನು ನೀರಿನಲ್ಲಿ ಅದ್ದಿ ನೋಡುತ್ತೇನೆ. ಗಡಿಯಾರ ನೋಡಿಯೇ ಬಣ್ಣ ಓದುತ್ತೇನೆ: ನಮ್ಮಲ್ಲಿರುವ ಪಟ್ಟಿಯಲ್ಲಿ ನೈಟ್ರೈಟ್‌ಗೆ 60 ಸೆಕೆಂಡು, ಲ್ಯೂಕೋಸೈಟ್‌ಗೆ 120.

ಉರಿಯಿದ್ದೂ ಪಟ್ಟಿ ನೆಗೆಟಿವ್ ಆದರೆ, ಗರ್ಭಿಣಿಯರಾದರೆ ಪಟ್ಟಿ ಏನೇ ಹೇಳಿದರೂ, ಕಲ್ಚರ್ ಮಾಡಿಸುವ ಬಗ್ಗೆ ಡಾಕ್ಟರಲ್ಲಿ ಕೇಳಿರೆಂದು ಹೇಳುತ್ತೇನೆ. ಇಲ್ಲಿಂದ ಮಂಗಳೂರಿಗೆ ಸ್ಯಾಂಪಲ್ ತಲುಪುವಾಗ ಎರಡು ಗಂಟೆ ಮೀರುವುದರಿಂದ ಅದನ್ನು ಐಸ್ ಪೆಟ್ಟಿಗೆಯಲ್ಲೇ ಕಳುಹಿಸುತ್ತೇನೆ. ಕೊನೆಯ ಸಲ ಮೂತ್ರಕ್ಕೆ ಹೋದ ಹೊತ್ತನ್ನು ರಿಪೋರ್ಟಿನ ಮೂಲೆಯಲ್ಲಿ ಕೈಬರಹದಲ್ಲಿ ಸೇರಿಸುತ್ತೇನೆ. ಅಚ್ಚಾದ ಫಾರಮಿನಲ್ಲಿ ಅದಕ್ಕೆ ಜಾಗವಿಲ್ಲ.